ಮೂರನೇ ಪ್ರತಿವಾದಿ

ಡಿಸೆಂಬರ್ ಎರಡನೇ ವಾರದ ಗುರುವಾರ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಕೆ.ಆರ್. ನಗರದಿಂದ ಹುಣಸೂರಿಗೆ ಹೋಗುವ ರಸ್ತೆಯ ವೇಬ್ರಿಡ್ಜಿನ ಮುಂದೆ ಬಿಳಿ ಕಾರೊಂದು ಬಂದು ನಿಂತಿತು. ಭತ್ತದ ಕೊಯ್ಲಿನ ಕಾಲವಾದ್ದರಿಂದ ತೂಕಕ್ಕೆ ನಾಲ್ಕು ಲಾರಿಗಳು ಸಾಲಿನಲ್ಲಿದ್ದವು. ಕ್ಯಾಬಿನ್ನಿನಲ್ಲಿ ಕೂತು ತೂಕದ ಚೀಟಿ ಹರಿದುಕೊಡುತ್ತಿದ್ದ ಪುಷ್ಪಾ, ಕಾರಿನವರು ದಾರಿ ಕೇಳಲು ನಿಂತಿರಬೇಕು ಅಂದುಕೊಂಡಳು. ಇಳಿದವರು ಇಬ್ಬರು. ಒಬ್ಬನ ಕೈಯಲ್ಲಿ ಫೈಲು, ಇನ್ನೊಬ್ಬನ ಕೈಯಲ್ಲಿ ಅಂಟಿನ ಡಬ್ಬ. ಅವಳನ್ನು ಒಂದು ಮಾತೂ ಕೇಳದೆ ಕ್ಯಾಬಿನ್ನಿನ ಗೋಡೆಗೆ ಕಾಗದ ಅಂಟಿಸಿದರು. ಫೈಲಿನವನು ಅದರ ಪಕ್ಕ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡ.

ಪುಷ್ಪಾ ಹೊರಗೆ ಬಂದು ಓದಿದಳು. ಹುಣಸೂರಿನ ಪ್ರಭುಸ್ವಾಮಿ ಎಂಬುವರು ಎರಡು ಸಾವಿರದ ಇಪ್ಪತ್ತೆರಡರ ಜುಲೈನಲ್ಲಿ ಫೈನಾನ್ಸ್ ಕಂಪನಿಯಲ್ಲಿ ಸಾಲ ಪಡೆದು ತೀರಿಸದೆ ಇರುವುದರಿಂದ, ಅಡಮಾನವಿಟ್ಟ ಈ ಜಾಗವನ್ನೂ ಇದರ ಮೇಲಿನ ಯಂತ್ರವನ್ನೂ ಅರವತ್ತು ದಿನಗಳ ನಂತರ ಹರಾಜು ಹಾಕಲಾಗುವುದು ಎಂದಿತ್ತು.

ಇದು ಅವರದ್ದಲ್ಲ, ನಮ್ಮದು, ಎಂಟು ತಿಂಗಳಾಯಿತು ನಮ್ಮತ್ತೆ ಹೆಸರಿಗೆ ರಿಜಿಸ್ಟರ್ ಆಗಿ ಎಂದು ಅವಳು ಹೇಳಿದಳು. ಫೈಲಿನವನು ಒರಟಾಗಿ ಮಾತಾಡಲಿಲ್ಲ. ತಾನೇ ಏನೋ ತಪ್ಪು ಮಾಡಿದವನ ಹಾಗೆ ಮುಖ ಮಾಡಿಕೊಂಡು, "ಅಮ್ಮಾ, ಈ ಜಾಗದ ಮೂಲ ಪತ್ರ ಮೂರು ವರ್ಷದಿಂದ ನಮ್ಮ ಆಫೀಸಿನ ಬೀರುನಲ್ಲೇ ಐತೆ" ಎಂದ.

ಕಾರು ಹೊರಟುಹೋಯಿತು. ಸಾಲಿನ ಮೊದಲ ಲಾರಿಯ ಡ್ರೈವರ್ ಹಾರನ್ ಹೊಡೆದ. ಪುಷ್ಪಾ ಒಳಗೆ ಹೋಗಿ ಕೂತು ಅವನ ತೂಕ ಬರೆದಳು. ಬರೆದ ಅಂಕಿ ತಪ್ಪಾಗಿತ್ತು. ಡ್ರೈವರೇ ತೋರಿಸಿ ತಿದ್ದಿಸಿದ.

ಮಿರ್ಲೆಯಲ್ಲಿದ್ದ ಪುಷ್ಪಾಳ ಗಂಡನ ಮನೆಯಲ್ಲಿ ಇದ್ದವರು ನಾಲ್ವರು. ಯಜಮಾನ ನಂಜಣ್ಣ, ಅರವತ್ತೈದರ ಮನುಷ್ಯ, ಊರಿನಲ್ಲಿ ನ್ಯಾಯ ಪಂಚಾಯಿತಿಗೆ ಕರೆಸಿಕೊಳ್ಳುವವನು. ಹೆಂಡತಿ ಗುರುಶಾಂತಮ್ಮ. ಮಗ ಮಲ್ಲೇಶ, ಹನ್ನೆರಡು ವರ್ಷ ಬೇರೆಯವರ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವನು. ಸೊಸೆ ಪುಷ್ಪಾ, ಪಿರಿಯಾಪಟ್ಟಣದ ಕಡೆಯವಳು, ಪಿಯುಸಿ ಓದಿದವಳು. ಮಗಳು ಸುಕನ್ಯಳನ್ನು ನಾಲ್ಕು ವರ್ಷದ ಹಿಂದೆ ಹುಣಸೂರಿನ ಗೊಬ್ಬರದಂಗಡಿ ಪ್ರಭುಸ್ವಾಮಿಯ ಮಗ ಧರ್ಮೇಂದ್ರನಿಗೆ ಕೊಟ್ಟಿದ್ದರು. ವೇಬ್ರಿಡ್ಜ್ ಆ ಪ್ರಭುಸ್ವಾಮಿಯದೇ. ಹೋದ ಯುಗಾದಿಗೆ ಬಂದವನು, ಅಂಗಡಿಯೇ ಸಾಕಾಗಿದೆ, ಅದನ್ನು ನೋಡಿಕೊಳ್ಳಲು ಆಗುತ್ತಿಲ್ಲ, ಹೊರಗಿನವರಿಗೆ ಕೊಡುವ ಬದಲು ನೀವೇ ತಗೊಳ್ಳಿ ಬೀಗರೇ ಎಂದಿದ್ದ.

ಕೊಳ್ಳಲು ದುಡ್ಡು ಬಂದದ್ದು ಗುರುಶಾಂತಮ್ಮನ ಗದ್ದೆಯಿಂದ. ಚುಂಚನಕಟ್ಟೆಯ ನಾಲೆಯ ಕೆಳಗೆ ಒಂದೆಕರೆ ಗದ್ದೆಯನ್ನು ಅವಳ ತಂದೆ ಅರಿಶಿನ ಕುಂಕುಮಕ್ಕೆಂದು ಬರೆದುಕೊಟ್ಟಿದ್ದರು. ವರ್ಷಕ್ಕೆ ಎರಡು ಬೆಳೆ. ಮನೆಯ ಅನ್ನವೆಲ್ಲ ಅದರದ್ದೇ. ಮಾರಲು ಅವಳಿಗೆ ಮನಸ್ಸಿರಲಿಲ್ಲ. ನಂಜಣ್ಣ ಮೂರು ದಿನ ಅವಳ ಪಕ್ಕ ಕೂತು ಹೇಳಿದ್ದ. ಮಲ್ಲೇಶನಿಗೂ ನಲವತ್ತು ಹತ್ತಿರ ಬಂತು, ಇನ್ನೊಬ್ಬರ ಗಿರಣಿಯ ತೌಡಿನ ಧೂಳು ಕುಡಿದು ಎಷ್ಟು ದಿನ ಇರುತ್ತಾನೆ, ಇದು ದಿನವೂ ಕೈಗೆ ಕಾಸು ಬರುವ ಕೆಲಸ ಎಂದು. ಕೊನೆಗೆ ಅವಳು ಒಪ್ಪಿದಳು. ಗದ್ದೆ ಅವಳದಾದ್ದರಿಂದ ವೇಬ್ರಿಡ್ಜನ್ನೂ ಅವಳ ಹೆಸರಿಗೇ ಬರೆಸಿದರು.

ಆ ಸಂಜೆ ಮನೆಯಲ್ಲಿ ಒಲೆ ಹಚ್ಚಿದ್ದು ತಡವಾಯಿತು. ಮಲ್ಲೇಶ ಮಧ್ಯಾಹ್ನದಿಂದ ಪ್ರಭುಸ್ವಾಮಿಗೆ ಫೋನು ಮಾಡುತ್ತಲೇ ಇದ್ದ. ಒಮ್ಮೆ ಸಿಕ್ಕಿದ. ಕಂಪನಿಯವರು ಏನೋ ಗೊಂದಲ ಮಾಡಿಕೊಂಡಿದ್ದಾರೆ, ಸೋಮವಾರದೊಳಗೆ ಸರಿಮಾಡಿಸುತ್ತೇನೆ ಎಂದ. ಆಮೇಲೆ ಫೋನು ಸ್ವಿಚಾಫ್ ಆಯಿತು.

ಪುಷ್ಪಾ ಬೀರುವಿನಿಂದ ಕಾಗದಪತ್ರಗಳ ಚೀಲ ತಂದು ನಡುಮನೆಯ ನೆಲದ ಮೇಲೆ ಹರಡಿದಳು. ಕ್ರಯಪತ್ರ ಇತ್ತು. ಮೂಲ ಪತ್ರ ಮನೆ ಬದಲಾಯಿಸುವಾಗ ಕಳೆದುಹೋಯಿತೆಂದು ಪ್ರಭುಸ್ವಾಮಿ ಪೊಲೀಸ್ ಠಾಣೆಯಲ್ಲಿ ಬರೆಸಿದ್ದ ಕಾಗದ ಇತ್ತು. ಋಣಭಾರ ಪತ್ರವೂ ಇತ್ತು, ಜಾಗದ ಮೇಲೆ ಸಾಲ ಇದೆಯೋ ಇಲ್ಲವೋ ಎಂದು ರಿಜಿಸ್ಟ್ರಾರ್ ಆಫೀಸಿನವರು ಕೊಡುವುದು. ಅದರಲ್ಲಿ ಸಾಲ ಏನೂ ಇಲ್ಲ ಎಂದೇ ಇತ್ತು. ಅವಳು ಅದನ್ನು ಎರಡು ಸಲ ಓದಿ ಗಂಡನ ಮುಂದೆ ಹಿಡಿದಳು.

"ತಾರೀಕು ನೋಡ್ರೀ. ಎರಡು ಸಾವಿರದ ಇಪ್ಪತ್ತೆರಡು ಮಾರ್ಚ್‌ವರೆಗೆ ಮಾತ್ರ ಐತೆ ಇದು. ನಾವು ತಗಂಡಿದ್ದು ಈ ವರ್ಷ. ಸಾಲ ತಗಂಡಿರೋದು ಇಪ್ಪತ್ತೆರಡು ಜುಲೈನಲ್ಲಿ."

ಮಲ್ಲೇಶ ಆ ಕಾಗದವನ್ನು ಬಹಳ ಹೊತ್ತು ನೋಡಿದ. ಅದನ್ನು ಯಾರು ತಂದದ್ದು ಎಂದು ಕೇಳಿದ. ಬೀಗರೇ ಕೊಟ್ಟರು, ನಾನು ತಂದು ಬೀರುನಲ್ಲಿಟ್ಟೆ ಎಂದು ನಂಜಣ್ಣ ಹೇಳಿದ. ತಾರೀಕು ಯಾರೂ ನೋಡಿರಲಿಲ್ಲ. ಬೀಗರು ಕೊಟ್ಟ ಕಾಗದದ ತಾರೀಕು ನೋಡುವುದು ಅಂದರೆ ಅವರನ್ನು ಅನುಮಾನಿಸಿದ ಹಾಗೆ ಅಂದುಕೊಂಡಿದ್ದರು. ಗುರುಶಾಂತಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದವಳು ಕೋಲು ಹಿಡಿದು ಹಾಗೇ ನಿಂತಳು. ಹಿಟ್ಟು ತಳ ಹತ್ತಿತು. ಅವತ್ತು ಎಲ್ಲರೂ ಸೀದ ಮುದ್ದೆಯನ್ನೇ ಉಪ್ಸಾರಿಗೆ ಅದ್ದಿ ನುಂಗಿದರು.

ಸೋಮವಾರ ಅಪ್ಪ ಮಗ ಹುಣಸೂರಿಗೆ ಹೋದರು. ಪ್ರಭುಸ್ವಾಮಿ ಅಡಗಿಕೊಂಡಿರಲಿಲ್ಲ. ಅಂಗಡಿಯ ಮೇಲಿನ ಮನೆಯಲ್ಲಿ ಸೋಫಾದ ಮೇಲೆ ಕೂರಿಸಿ, ಇಬ್ಬರ ಕೈಯನ್ನೂ ಹಿಡಿದುಕೊಂಡು, ತಪ್ಪಾಯಿತು ಅಂದ. ಎಚ್.ಡಿ. ಕೋಟೆಯ ಆಚೆ ಎನ್. ಬೇಗೂರಿನಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕಿಸಿದ್ದನಂತೆ. ಎರಡು ವರ್ಷವೂ ಗೆಡ್ಡೆ ಕೊಳೆಯಿತು. ಸಾಲ ಅದಕ್ಕೆ ಮಾಡಿದ್ದು. ನೀವು ಕೊಟ್ಟ ದುಡ್ಡಿನಲ್ಲಿ ಅದನ್ನು ತೀರಿಸೋಣವೆಂದೇ ಇದ್ದೆ, ಬೇರೆ ಕಡೆಯ ಸಾಲದವರು ಬಂದು ಕುತ್ತಿಗೆ ಮೇಲೆ ಕೂತರು, ಅವರಿಗೆ ಹೋಯಿತು ಎಂದ. ಒಂದು ವರ್ಷ ಕಾಲ ಕೊಡಿ ಎಂದ. ಸುಕನ್ಯ ಕಾಫಿ ತಂದಿಟ್ಟು, ಅಣ್ಣನ ಮುಖ ನೋಡದೆ ಒಳಗೆ ಹೋದಳು. ಧರ್ಮೇಂದ್ರ ಬಾಗಿಲ ಬಳಿ ನಿಂತಿದ್ದ. ಅವನಿಗೂ ಹೋದ ವಾರವೇ ತಿಳಿದದ್ದು ಎನ್ನುವುದು ಅವನ ಮುಖದಲ್ಲೇ ಗೊತ್ತಾಗುತ್ತಿತ್ತು.

ಮಲ್ಲೇಶ ಕಾಫಿ ಮುಟ್ಟಲಿಲ್ಲ. ಕೇಸು ಹಾಕುತ್ತೇನೆ ಅಂದ.

"ಹಾಕು, ಬ್ಯಾಡ ಅನ್ನಲ್ಲ" ಎಂದ ಪ್ರಭುಸ್ವಾಮಿ. "ನಿನ್ ತಂಗಿ ಇದೇ ಮನೇಲವ್ಳೆ, ನಾನೆಲ್ಲೂ ಓಡೋಗಲ್ಲ. ಆದ್ರೆ ಹಾಕೋಕ್ ಮುಂಚೆ ನಿಮ್ಮಪ್ಪನ್ನ ಒಂದ್ ಮಾತು ಕೇಳು."

ಅಪ್ಪ ಹಿರಿಯ, ಅವನನ್ನು ಕೇಳಿ ಮಾಡು ಎಂದು ಬುದ್ಧಿ ಹೇಳುತ್ತಿದ್ದಾನೆಂದೇ ಮಲ್ಲೇಶ ತಿಳಿದ. ನಂಜಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಆಮೇಲಿನ ಎರಡು ವಾರ ಮನೆಯಲ್ಲಿ ಇದೇ ಜಗಳ. ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದ ಕೂಡಲೇ ಶುರುವಾಗುತ್ತಿತ್ತು. ಮಲ್ಲೇಶ ಕೇಸು ಹಾಕಲೇಬೇಕು ಅನ್ನುವನು. ಕೋರ್ಟಿನ ಮೆಟ್ಟಿಲು ಹತ್ತಿದವರು ಯಾರು ಉದ್ಧಾರವಾಗಿದ್ದಾರೆ ಎಂದು ನಂಜಣ್ಣ ಕೇಳುವನು. ಬೀಗತನ ಕೆಟ್ಟರೆ ಮಗಳ ಗತಿ ಏನು ಅನ್ನುವನು. ಹರಾಜಿಗೆ ಇನ್ನು ನಲವತ್ತೈದು ದಿನ ಇದೆ ಎಂದು ಪುಷ್ಪಾ ಲೆಕ್ಕ ಹೇಳುವಳು. ಹೆಂಗಸರು ಇದರಲ್ಲಿ ಬಾಯಿ ಹಾಕಬೇಡಿ ಎಂದು ನಂಜಣ್ಣ ಒಮ್ಮೆ ಗದರಿದ. ಮದುವೆಯಾಗಿ ಬಂದು ಒಂಬತ್ತು ವರ್ಷದಲ್ಲಿ ಮಾವ ಅವಳಿಗೆ ಹಾಗೆ ಅಂದದ್ದು ಅದೇ ಮೊದಲು. ಅವಳು ತಟ್ಟೆ ತೊಳೆಯುವುದನ್ನು ಬಿಟ್ಟು ಎದ್ದು ಹಟ್ಟಿಯ ಹಿಂದಕ್ಕೆ ಹೋದಳು.

ಸುಕನ್ಯ ಒಂದು ದಿನ ಒಬ್ಬಳೇ ಬಸ್ಸಿನಲ್ಲಿ ಬಂದಳು. ಅವಳನ್ನು ಅತ್ತೆ ಮಾವ ಹೇಳಿ ಕಳಿಸಿದ್ದರು. ಅದನ್ನವಳು ಮುಚ್ಚಿಡಲಿಲ್ಲ. ಅವ್ವ ಮಾಡಿದ ಅವರೆಕಾಳಿನ ಸಾರಿನಲ್ಲಿ ಎರಡು ತುತ್ತು ತಿಂದು ತಟ್ಟೆ ಸರಿಸಿ, ಕೇಸು ಹಾಕಿದರೆ ತನ್ನನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಹೇಳಿದಳು. ಅಣ್ಣ ಕೇಳಿದ, ಹಾಗಾದರೆ ನಮಗಾದ ಮೋಸ ನಿನಗೆ ಏನೂ ಅಲ್ಲವೇ ಎಂದು.

"ನನಗೆ ಮಾಡಿರೋ ಮೋಸ ಅಲ್ವಾ ಅದು?" ಅಂದಳು ಸುಕನ್ಯ. "ನನ್ನ ಕೊಟ್ಟಿರೋ ಮನೆ ಅಂತ ತಾನೇ ನೀವು ಕಣ್ಮುಚ್ಕಂಡು ಸೈನ್ ಹಾಕಿದ್ದು. ನನ್ನ ಹೆಸರು ಹೇಳ್ಕಂಡು ಅವ್ರು ಮಾರಿದ್ರು, ನನ್ನ ಹೆಸರು ಹೇಳ್ಕಂಡು ನೀವು ತಗಂಡ್ರಿ. ಈಗ ನಾನೆಲ್ಲಿ ಇರ್ಲಿ ಅದನ್ನ ಹೇಳಿ."

ಸಂಜೆ ಬಸ್ಸಿಗೆ ಪುಷ್ಪಾ ಅವಳನ್ನು ಹತ್ತಿಸಿ ಬಂದಳು.

ಇಷ್ಟೆಲ್ಲ ಆದರೂ ಗುರುಶಾಂತಮ್ಮನನ್ನು ಯಾರೂ ಏನೂ ಕೇಳಿರಲಿಲ್ಲ. ಅವಳು ಬಡಿಸುತ್ತಿದ್ದಳು, ಹಸು ಕಟ್ಟುತ್ತಿದ್ದಳು, ಬೆಳಗ್ಗೆ ಇಷ್ಟಲಿಂಗದ ಪೂಜೆಗೆ ಕೂತಾಗ ಮೊದಲಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದಳು. ಮಲ್ಲೇಶ ಕೆ.ಆರ್. ನಗರದಲ್ಲಿ ಶಿವನಂಜಪ್ಪ ಎಂಬ ವಕೀಲರನ್ನು ಹುಡುಕಿದ. ನಲವತ್ತು ವರ್ಷ ಅನುಭವವಿದ್ದ, ಕಿವಿ ಸ್ವಲ್ಪ ಮಂದವಾಗಿದ್ದ ಮನುಷ್ಯ. ಅವರು ಕ್ರಯಪತ್ರವನ್ನು ತಿರುವಿ, ಕನ್ನಡಕದ ಮೇಲಿಂದ ಮಲ್ಲೇಶನನ್ನು ನೋಡಿ, ನೀವು ಯಾರು ಎಂದು ಕೇಳಿದರು. ಮಗ ಎಂದ. ಗುರುಶಾಂತಮ್ಮ ಯಾರು? ನಮ್ಮವ್ವ.

"ಮೋಸ ಹೋದೋರು ಅವ್ರು, ನೀವಲ್ಲ. ಕೇಸು ಹಾಕ್ಬೇಕಾ ಬ್ಯಾಡ್ವಾ ಅಂತ ಅವ್ರೇ ಹೇಳ್ಬೇಕು. ಮುಂದಿನ್ ವಾರ ಕರ್ಕಂಡ್ ಬನ್ನಿ. ಅಷ್ಟ್ರಲ್ಲಿ ಕಂಪನಿಯಿಂದ ಸಾಲದ ಕಾಗದ ತರಿಸ್ತೀನಿ."

ಮಲ್ಲೇಶ ಅದನ್ನು ಮನೆಗೆ ಬಂದು ಹೇಳಿದಾಗ ನಂಜಣ್ಣ ಊಟಕ್ಕೆ ಕೂತಿದ್ದವನು ಕೈ ತೊಳೆದುಬಿಟ್ಟ. ಅವಳಿಗೆ ಕೋರ್ಟು ಕಚೇರಿ ಏನು ಗೊತ್ತು ಎಂದ. ಗುರುಶಾಂತಮ್ಮ ಗಂಡನ ಎಲೆಯಲ್ಲಿ ಉಳಿದ ಅನ್ನವನ್ನು ಹಸುವಿನ ಬಾನಿಗೆ ಹಾಕಿ ಬಂದು, ಬುಧವಾರ ಎಷ್ಟು ಗಂಟೆಗೆ ಹೋಗಬೇಕು ಎಂದು ಮಗನನ್ನು ಕೇಳಿದಳು.

ಬುಧವಾರ ಅತ್ತೆ, ಸೊಸೆ, ಮಗ ಮೂವರೂ ಹೋದರು. ನಂಜಣ್ಣ ಮಂಡಿ ನೋವು ಎಂದು ಉಳಿದುಕೊಂಡ. ವಕೀಲರ ಮೇಜಿನ ಮೇಲೆ ಸಾಲದ ಕಾಗದಗಳ ನಕಲು ಬಂದು ಬಿದ್ದಿತ್ತು. ಶಿವನಂಜಪ್ಪ ಒಂದೊಂದೇ ಹಾಳೆ ತಿರುವುತ್ತ ಪ್ರಭುಸ್ವಾಮಿ ಎಲ್ಲೆಲ್ಲಿ ಏನೇನು ಬರೆದುಕೊಟ್ಟಿದ್ದಾನೆಂದು ವಿವರಿಸಿದರು. ಇದರಲ್ಲಿ ಸಂಶಯವೇ ಇಲ್ಲ, ಗೊತ್ತಿದ್ದೂ ಮಾರಿದ್ದಾನೆ, ಪೊಲೀಸಿಗೂ ದೂರು ಕೊಡಬಹುದು, ಸಿವಿಲ್ ದಾವೆಯನ್ನೂ ಹೂಡಬಹುದು ಅಂದರು. ಹಾಗೆನ್ನುತ್ತಲೇ ಇನ್ನೊಂದು ಹಾಳೆ ತಿರುವಿ ನಿಲ್ಲಿಸಿದರು.

"ಜಾಮೀನುದಾರ ಅಂತ ಒಬ್ರು ಅವ್ರೆ. ಇವ್ರು ಯಾರು ನೋಡಿ, ಗೊತ್ತಾ ನಿಮಗೆ?"

ಹಾಳೆಯ ಬಲಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ. ಹಣೆಯ ಮೇಲೆ ಮೂರು ಎಳೆ ವಿಭೂತಿ, ಸುಕನ್ಯಳ ಮದುವೆಗೆ ಹೊಲಿಸಿದ ತೆಳುನೀಲಿ ಅಂಗಿ. ಫೋಟೋದ ಕೆಳಗೆ ದಪ್ಪ ಅಕ್ಷರದ ಸಹಿ.

ಮಲ್ಲೇಶ ಎದ್ದು ನಿಂತ. ಮತ್ತೆ ಕೂತ. ಪುಷ್ಪಾ ಬಾಯಿಗೆ ಸೆರಗು ಹಿಡಿದಳು. ಗುರುಶಾಂತಮ್ಮ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಫೋಟೋದ ಮೇಲೆ ಹೆಬ್ಬೆರಳಿಟ್ಟು ಒರೆಸಿದಳು. ಅದರ ಮೇಲೆ ಧೂಳೇನೂ ಇರಲಿಲ್ಲ.

"ನಮ್ಮನೆಯವ್ರು" ಅಂದಳು.

ಮಂದ ಕಿವಿಯ ವಕೀಲರಿಗೆ ಕೇಳಿಸಲಿಲ್ಲ. ಪುಷ್ಪಾ ಮತ್ತೊಮ್ಮೆ ಹೇಳಿದಳು. ಅವರು ಕನ್ನಡಕ ತೆಗೆದಿಟ್ಟು, ಹಾಳೆಗಳನ್ನು ಮತ್ತೆ ಮೊದಲಿನಿಂದ ನೋಡಿದರು. ಕಳೆದ ವರ್ಷವೇ ಜಾಮೀನುದಾರರಿಗೆ ಎರಡು ನೋಟಿಸು ಹೋಗಿದೆ, ಎರಡಕ್ಕೂ ಸಹಿ ಹಾಕಿ ತೆಗೆದುಕೊಂಡಿದ್ದಾರೆ ಎಂದರು. ಅಂದರೆ ಜಾಗ ಕೊಳ್ಳುವ ಮೊದಲೇ ಅದರ ಮೇಲೆ ಸಾಲವಿರುವುದು ನಂಜಣ್ಣನಿಗೆ ತಿಳಿದಿತ್ತು. ಹರಾಜಿನಲ್ಲಿ ಸಾಲ ಪೂರ್ತಿ ತೀರದಿದ್ದರೆ ಉಳಿದದ್ದಕ್ಕೆ ಕಂಪನಿಯವರು ನಿಮ್ಮ ಮಿರ್ಲೆಯ ಮನೆಯ ಬಾಗಿಲಿಗೂ ಬರಬಹುದು ಎಂದು ಮೆಲ್ಲಗೆ ಹೇಳಿದರು.

ಬಸ್ಸಿನಲ್ಲಿ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದರು.

ಮನೆಗೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ನಂಜಣ್ಣ ಜಗಲಿಯ ಮೇಲೆ ಕೂತಿದ್ದ. ಮಲ್ಲೇಶ ಅಲ್ಲಿಯೇ ಬಾಯಿ ತೆಗೆಯಲು ಹೋದ. ಗುರುಶಾಂತಮ್ಮ ಕೈ ಅಡ್ಡ ಹಿಡಿದಳು. ಊಟವಾಗಲಿ ಎಂದಳು. ಬೆಳಗ್ಗೆ ಮಾಡಿಟ್ಟ ಅನ್ನಕ್ಕೆ ಹುಳಿ ಬಿಸಿ ಮಾಡಿ ಬಡಿಸಿದಳು. ನಂಜಣ್ಣ ಉಂಡು ಕೈ ತೊಳೆಯುವವರೆಗೆ ಗೋಡೆಗೆ ಒರಗಿ ನಿಂತಿದ್ದಳು. ಆಮೇಲೆ ಕೇಳಿದಳು.

"ನೀಲಿ ಅಂಗಿ ಹಾಕ್ಕೊಂಡು ಫೋಟೋ ತೆಗೆಸ್ಕಂಡಿದ್ರಲ್ಲ, ಯಾತಕ್ಕೆ?"

ಅವನು ಸುಳ್ಳು ಹೇಳಲಿಲ್ಲ. ಅಷ್ಟು ದಿನ ಹೊತ್ತುಕೊಂಡಿದ್ದು ಸಾಕಾಗಿತ್ತೇನೋ, ಕೇಳದಿದ್ದದ್ದನ್ನೂ ಹೇಳಿದ. ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ, ಬೀಗರು ಬಂದು ಒಂದು ಸಹಿ ಬೇಕು ಎಂದರು. ಮಗಳ ಮಾವ ಕೇಳಿದಾಗ ಇಲ್ಲ ಎನ್ನುವುದು ಹೇಗೆ ಎಂದು ಹಾಕಿದ. ಹೋದ ವರ್ಷ ನೋಟಿಸು ಬಂದಾಗ ಪೋಸ್ಟಾಫೀಸಿಗೇ ಹೋಗಿ ಇಸಿದುಕೊಂಡು ದನದ ಕೊಟ್ಟಿಗೆಯಲ್ಲಿ ಸುಟ್ಟ. ಹುಣಸೂರಿಗೆ ಓಡಿದ. ಆಗ ಪ್ರಭುಸ್ವಾಮಿ ಒಂದು ದಾರಿ ತೋರಿಸಿದ. ನಿಮ್ಮ ಮಗ ವೇಬ್ರಿಡ್ಜ್ ಕೊಂಡರೆ ಅದೇ ದುಡ್ಡಿನಲ್ಲಿ ಅದೇ ದಿನ ಸಾಲ ತೀರಿಸುತ್ತೇನೆ, ನಿಮ್ಮ ಸಹಿಯೂ ಬಿಡುಗಡೆಯಾಗುತ್ತದೆ, ಮಗನಿಗೂ ಒಂದು ದಾರಿಯಾಗುತ್ತದೆ ಎಂದ. ನಂಜಣ್ಣ ನಂಬಿದ. ಸಾಲ ತೀರಿದ ಮೇಲೆ ಯಾರಿಗೂ ಗೊತ್ತಾಗುವುದೇ ಇಲ್ಲವಲ್ಲ ಎಂದುಕೊಂಡ. ರಿಜಿಸ್ಟರ್ ಆದ ಮಾರನೆಯ ದಿನದಿಂದ ರಸೀತಿ ಕೊಡಿ ಎಂದು ಬೀಗರನ್ನು ಕೇಳುತ್ತಲೇ ಇದ್ದ. ಇವತ್ತು ನಾಳೆ ಎಂದು ಎಂಟು ತಿಂಗಳು ಕಳೆಯಿತು.

"ಆ ಕಾಗದದ ತಾರೀಕು?" ಎಂದು ಪುಷ್ಪಾ ಕೇಳಿದಳು.

"ಗೊತ್ತಿತ್ತು ಕಣಮ್ಮ."

ಮಲ್ಲೇಶ ಗೋಡೆಗೆ ಆತು ನಿಂತಿದ್ದವನು ಹಾಗೇ ಜಾರಿ ಕುಕ್ಕರುಗಾಲಿನಲ್ಲಿ ಕೂತ. ಅವನು ಕೂಗಾಡುತ್ತಾನೆಂದು ಪುಷ್ಪಾ ಹೆದರಿದ್ದಳು.

ಗುರುಶಾಂತಮ್ಮ ಗಂಡನ ಎದುರಿಗೆ ಕೂತಳು. "ನನ್ ಗದ್ದೆ ಮಾರ್ಸಕ್ಕೆ ಮೂರು ದಿವ್ಸ ನನ್ ಪಕ್ಕ ಕೂತಿದ್ರಿ. ಮಗನ ಬಗ್ಗೆ ಹೇಳಿದ್ರಿ, ಅವ್ನ ವಯಸ್ಸಿನ ಬಗ್ಗೆ ಹೇಳಿದ್ರಿ. ಇದೊಂದ್ ಮಾತು ಬಾಯಿಗೆ ಬರ್ಲಿಲ್ವಾ?"

"ಬಂತು. ನುಂಗ್ಕಂಡೆ."

"ನಿಮ್ ಸೈನ್ ಬುಡಿಸ್ಕಳಕ್ಕೆ ನಮ್ಮಪ್ಪ ಕೊಟ್ಟಿದ್ದನ್ನ ಮಾರಿಸಿದ್ರಿ."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವಳು ಎದ್ದು ಅವನ ಎಲೆ ತೆಗೆದಳು.

ಅವತ್ತಿನಿಂದ ಮಲ್ಲೇಶ ಅಪ್ಪನನ್ನು ಅಪ್ಪ ಎಂದು ಕರೆಯುವುದನ್ನು ಬಿಟ್ಟ. ಬೆಳಗ್ಗೆ ಹೋದವನು ವೇಬ್ರಿಡ್ಜಿನ ಪಕ್ಕದ ಹೋಟೆಲಿನಲ್ಲೇ ಎರಡು ಹೊತ್ತೂ ತಿಂದು, ಮನೆಗೆ ಮಲಗಲಷ್ಟೇ ಬರುತ್ತಿದ್ದ. ಊರಿನವರಿಗೆ ಇದು ಹೇಗೋ ತಿಳಿಯಿತು. ಯಾರದೋ ಬೇಲಿ ಜಗಳಕ್ಕೆ ನ್ಯಾಯ ಹೇಳಲು ನಂಜಣ್ಣನನ್ನು ಕರೆಯಲು ಬಂದಿದ್ದವರು, ಬಾಗಿಲವರೆಗೆ ಬಂದು, ನೀರು ಕುಡಿದು, ಬಂದ ವಿಷಯ ಹೇಳದೆ ಹೋದರು. ಅವನು ಜಗಲಿಯ ಮೇಲೆ ಕೂರುವುದನ್ನೂ ಬಿಟ್ಟು ಕೊಟ್ಟಿಗೆಯಲ್ಲಿ ಹೊತ್ತು ಕಳೆಯತೊಡಗಿದ. ದಿನಕ್ಕೆ ಮೂರು ಸಲ ಸಗಣಿ ಬಾಚುತ್ತಿದ್ದ.

ಮತ್ತೊಮ್ಮೆ ವಕೀಲರ ಬಳಿಗೆ ಹೋಗುವ ಮೊದಲು ಮಲ್ಲೇಶ ಅವ್ವನಿಗೆ ಬೇಡ ಎಂದ. ಅಲ್ಲಿಯವರೆಗೆ ಕೇಸು ಕೇಸು ಎನ್ನುತ್ತಿದ್ದವನು ಅವನೇ. ಈಗ ಅಪ್ಪನ ಹೆಸರು ಕೋರ್ಟಿನಲ್ಲಿ ಕೂಗುವುದನ್ನು ಕೇಳಲಾರೆ, ಹೋದದ್ದು ಹೋಯಿತು, ಮತ್ತೆ ಗಿರಣಿಗೆ ಸೇರುತ್ತೇನೆ ಎಂದ. ಪುಷ್ಪಾ ಒಬ್ಬಳೇ ಕೇಸು ಹಾಕಿ ಎಂದಳು. ಹಾಕದಿದ್ದರೆ ವೇಬ್ರಿಡ್ಜೂ ಹೋಗುತ್ತದೆ, ಮನೆಯೂ ಹೋಗುತ್ತದೆ, ಪ್ರಭುಸ್ವಾಮಿ ಮಾತ್ರ ಗೊಬ್ಬರದಂಗಡಿಯಲ್ಲಿ ಕೂತಿರುತ್ತಾನೆ, ಅತ್ತೆ ನೀವೇ ಯೋಚನೆ ಮಾಡಿ ಅಂದಳು.

ವಕೀಲರು ಒಂದು ಉಪಾಯ ಹೇಳಿದರು. ನಿಮ್ಮ ಯಜಮಾನರ ವಿಷಯವನ್ನು ನಾವಾಗಿ ಎತ್ತುವುದು ಬೇಡ. ಎದುರು ಪಾರ್ಟಿ ಎತ್ತಿದರೆ, ಅವರಿಗೆ ಓದಲು ಬರುವುದಿಲ್ಲ, ಏನೆಂದು ತಿಳಿಯದೆ ಸಹಿ ಹಾಕಿದರು ಎನ್ನೋಣ. ಕೊಳ್ಳುವವರ ಮನೆಯಲ್ಲೇ ಒಬ್ಬರಿಗೆ ಗೊತ್ತಿತ್ತು ಎಂದರೆ ಕೇಸು ಸಡಿಲವಾಗುತ್ತದೆ.

ಗುರುಶಾಂತಮ್ಮ ವಕೀಲರಿಗೆ ಕೇಳುವಂತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ಅವ್ರಿಗೆ ಓದಕ್ ಬತ್ತದೆ. ಊರಿಗೆಲ್ಲ ಕಾಗದ ಓದಿ ಹೇಳೋರು ಅವ್ರೇ" ಎಂದಳು. "ನನಗೆ ಗೊತ್ತಿರ್ಲಿಲ್ಲ. ಅದು ನಿಜ ತಾನೇ? ಗೊತ್ತಿದ್ದೂ ನನಗೆ ಹೇಳದೆ ಇದ್ದೋರು ಇಬ್ರು. ಇಬ್ರ ಹೆಸ್ರೂ ಬರೀರಿ."

"ಗಂಡನ ಮೇಲೆ ದಾವೆ ಹಾಕ್ತೀರಾ ತಾಯಿ?"

"ಅವ್ರನ್ನ ಬುಟ್ಟು ಹಾಕಿದ್ರೆ ನಾನೂ ಒಂದು ಸುಳ್ಳು ಹೇಳ್ದಂಗೆ ಆಯ್ತದೆ. ಮೋಸ ಹೋದೋರು ನಾನು ಅಂತ ನೀವೇ ಹೇಳಿದ್ರಂತಲ್ಲ ಸ್ವಾಮಿ."

ಶಿವನಂಜಪ್ಪನವರು ಗುಮಾಸ್ತನಿಗೆ ಹೊಸ ಹಾಳೆ ತೆಗೆದುಕೊಳ್ಳಲು ಹೇಳಿದರು. ಮೊದಲನೇ ಪ್ರತಿವಾದಿ ಪ್ರಭುಸ್ವಾಮಿ, ಎರಡನೆಯದು ಫೈನಾನ್ಸ್ ಕಂಪನಿ, ಮೂರನೆಯವರು ನಂಜಣ್ಣ. ಎಲ್ಲ ಬೆರಳಚ್ಚಾಗಿ ಬರಲು ಇನ್ನು ಮೂರು ದಿನ ಬೇಕು, ಶುಕ್ರವಾರ ಬಂದು ಸಹಿ ಹಾಕಿ ಎಂದರು. ಮಲ್ಲೇಶ ಹೊರಗೆ ಹೋಗಿ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದ.

ಮನೆಗೆ ಬಂದು ಗುರುಶಾಂತಮ್ಮ ಅದನ್ನು ತಾನೇ ಗಂಡನಿಗೆ ಹೇಳಿದಳು. ಹಿತ್ತಿಲಿನಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅವನೂ ಬಂದು ಎದುರಿಗೆ ಕೂತು ಕಾಯಿ ಬಿಡಿಸತೊಡಗಿದ್ದ. ಅವನ ಕೈ ನಿಂತಿತು.

ಊರಿನವರು ಏನಂದುಕೊಳ್ಳುತ್ತಾರೆ ಎಂದು ಅವನು ಕೇಳಬಹುದು ಎಂದು ಅವಳು ಅಂದುಕೊಂಡಿದ್ದಳು. ಅವನು ಅದನ್ನು ಕೇಳಲಿಲ್ಲ.

"ನನ್ನ ಮನೇಲಿ ಇರಿಸ್ಕತೀಯಾ?" ಎಂದ.

"ಮನೆಯಿಂದ ಆಚೆ ಹೋಗಿ ಅಂದ್ನಾ? ಕೋರ್ಟಲ್ಲಿ ಇರೋದನ್ನ ಹೇಳಿ ಅಂತಿದೀನಿ."

"ನಾನು ನಿಜ ಹೇಳಿದ್ರೆ ನಿನ್ ಕೇಸೇ ಬಿದ್ದೋಗ್ಬೋದು."

"ಬಿದ್ರೆ ಬೀಳ್ಲಿ. ಒಂದು ಕಡೆನಾದ್ರೂ ಇದನ್ನ ಬಾಯ್ಬುಟ್ಟು ಹೇಳ್ಬೇಕಲ್ವಾ ನೀವು."

ಇಬ್ಬರೂ ಮೊರದ ತುಂಬ ಕಾಳು ಬಿಡಿಸಿ ಮುಗಿಸಿದರು. ಶುಕ್ರವಾರ ಅವಳು ಹೋಗಿ ಸಹಿ ಹಾಕಿ ಬಂದಳು.

ಪೊಲೀಸ್ ದೂರು ದಾಖಲಾಯಿತು. ಪ್ರಭುಸ್ವಾಮಿಯನ್ನು ಠಾಣೆಗೆ ಕರೆಸಿದರು. ಅವನಿಗೆ ಎರಡನೇ ದಿನ ಜಾಮೀನು ಸಿಕ್ಕಿತು. ಅದರ ಮಾರನೆಯ ಸಂಜೆ ಸುಕನ್ಯ ಎರಡು ಬ್ಯಾಗು ಹಿಡಿದು ಮಿರ್ಲೆಯ ಬಸ್‌ಸ್ಟಾಪಿನಲ್ಲಿ ಇಳಿದಳು. ಮನೆಗೆ ಬಂದವಳು ಅವ್ವನ ಹತ್ತಿರ ಒಂದು ಮಾತೂ ಆಡಲಿಲ್ಲ. ಪುಷ್ಪಾಳ ಕೋಣೆಯಲ್ಲಿ ಚಾಪೆ ಹಾಸಿಕೊಂಡಳು. ಮೂರು ದಿನವಾದ ಮೇಲೆ ಅತ್ತಿಗೆಯ ಜೊತೆ ವೇಬ್ರಿಡ್ಜಿಗೆ ಹೊರಟಳು. ಕೋರ್ಟಿನಿಂದ ಹರಾಜಿಗೆ ಮೊದಲ ವಾಯಿದೆಯವರೆಗೆ ತಡೆ ಸಿಕ್ಕಿದ್ದರಿಂದ ಲಾರಿಗಳು ಇನ್ನೂ ಬರುತ್ತಿದ್ದವು. ಭಾನುವಾರ ಧರ್ಮೇಂದ್ರ ಬೈಕಿನಲ್ಲಿ ಬಂದ. ಮನೆಯೊಳಗೆ ಬರಲಿಲ್ಲ. ರಸ್ತೆಯ ಪಕ್ಕ ನಿಂತು ಹೆಂಡತಿಯ ಜೊತೆ ಮಾತಾಡಿ ಹೋದ. ಹುಣಸೂರಿನಲ್ಲಿ ಬೇರೆ ಬಾಡಿಗೆ ಮನೆ ನೋಡುತ್ತಿದ್ದಾನೆಂದು ಪುಷ್ಪಾ ಅತ್ತೆಗೆ ಹೇಳಿದಳು. ಸುಕನ್ಯ ಹೇಳಲಿಲ್ಲ. ಅವ್ವ ಬಡಿಸಿದ್ದನ್ನು ಅವಳು ಉಣ್ಣುತ್ತಿದ್ದಳು, ಇನ್ನೂ ಬೇಕೇ ಎಂದರೆ ತಲೆ ಅಲ್ಲಾಡಿಸುತ್ತಿದ್ದಳು. ಅಷ್ಟೇ.

ಮೊದಲ ವಾಯಿದೆ ಫೆಬ್ರವರಿ ಕೊನೆಯ ವಾರಕ್ಕೆ ಬಂತು. ಗುರುಶಾಂತಮ್ಮ ಬೆಳಗ್ಗೆ ಬೇಗ ಎದ್ದು ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕಿದಳು. ನಂಜಣ್ಣ ಬಿಳಿ ಅಂಗಿ ಹಾಕಿಕೊಂಡು ವಿಭೂತಿ ಧರಿಸಿ ಜಗಲಿಗೆ ಬಂದ. ಇಬ್ಬರೂ ಒಂದೇ ಬಸ್ಸಿಗೆ ಹತ್ತಿದರು. ಟಿಕೆಟನ್ನು ಅವನೇ ಇಬ್ಬರಿಗೂ ತೆಗೆದ. ಮಲ್ಲೇಶ ಬೈಕಿನಲ್ಲಿ ಹಿಂದೆ ಬಂದ.

ಕೋರ್ಟಿನ ಹಾಲಿನಲ್ಲಿ ಪ್ರಭುಸ್ವಾಮಿ ತನ್ನ ವಕೀಲರ ಜೊತೆ ಮುಂದಿನ ಸಾಲಿನಲ್ಲಿದ್ದ. ನಂಜಣ್ಣನನ್ನು ಕಂಡು ಕೈಸನ್ನೆ ಮಾಡಿ ತನ್ನ ಪಕ್ಕ ಕರೆದ. ಆ ಬೆಂಚಿನಲ್ಲಿ ಜಾಗವಿತ್ತು. ನಂಜಣ್ಣ ಹೋಗಲಿಲ್ಲ. ಹೆಂಡತಿಯ ಪಕ್ಕವೂ ಕೂರಲಿಲ್ಲ. ಗೋಡೆಗೆ ಆತು ನಿಂತ.

ಹನ್ನೆರಡೂವರೆಗೆ ಕೇಸು ಕೂಗಿದರು. ಮೊದಲನೇ ಪ್ರತಿವಾದಿಯ ಪರ ವಕೀಲರು ಎದ್ದು ವಕಾಲತ್ತು ಹಾಕಿ ಕಾಲಾವಕಾಶ ಕೇಳಿದರು. ಕಂಪನಿಯ ವಕೀಲರೂ ಕೇಳಿದರು. ಮೂರನೇ ಪ್ರತಿವಾದಿ ನಂಜಣ್ಣ ಎಂದು ಮತ್ತೆ ಕೂಗಿದರು. ಅವನು ಗೋಡೆ ಬಿಟ್ಟು ಮುಂದೆ ಬಂದು ಕೈಮುಗಿದ.

ವಕೀಲರು ಯಾರು ಎಂದು ನ್ಯಾಯಾಧೀಶರು ಕೇಳಿದರು. ಅವರು ಚಿಕ್ಕ ವಯಸ್ಸಿನ ಹೆಂಗಸು.

"ಇಟ್ಟಿಲ್ಲ ತಾಯಿ."

ಇಟ್ಟುಕೊಳ್ಳಲು ಸಮಯ ಬೇಕೇ, ಅಥವಾ ಸರ್ಕಾರದಿಂದ ಉಚಿತವಾಗಿ ಕೊಡಿಸಬೇಕೇ ಎಂದು ಅವರು ಕೇಳಿದರು. ಬೇಡ ಎಂದ. ದಾವೆಯಲ್ಲಿ ನಿಮ್ಮ ಬಗ್ಗೆ ಏನು ಬರೆದಿದೆ ಎಂದು ಓದಿದ್ದೀರಾ ಎಂದರು. ಓದಿದ್ದೇನೆ ಎಂದ. ಹಾಗಾದರೆ ಏನು ಹೇಳುತ್ತೀರಿ?

ಪ್ರಭುಸ್ವಾಮಿಯ ವಕೀಲರು ತಿರುಗಿ ನೋಡಿದರು.

"ಬರೆಸಿರೋದೆಲ್ಲ ನಿಜ. ನನಗೆ ಗೊತ್ತಿತ್ತು. ಇವ್ರಿಗೆ ಗೊತ್ತಿರ್ಲಿಲ್ಲ."

ಇವರು ಎಂದರೆ ಯಾರು ಎಂದು ನ್ಯಾಯಾಧೀಶರು ಕಾಗದ ತಿರುವುತ್ತ ಕೇಳಿದರು. ವಾದಿ ನಿಮಗೆ ಪರಿಚಯವೇ?

ನಂಜಣ್ಣ ಹಿಂದಿನ ಸಾಲಿನ ಕಡೆ ಕೈ ತೋರಿಸಿದ. ಗುರುಶಾಂತಮ್ಮ ಚಿತ್ರಾನ್ನದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನನ್ ಹೆಂಡ್ತಿ" ಎಂದ.

ನ್ಯಾಯಾಧೀಶರ ಕೈ ಕಾಗದದ ಮೇಲೆ ನಿಂತಿತು. ಇಬ್ಬರನ್ನೂ ಒಮ್ಮೆ ನೋಡಿದರು. ಆಮೇಲೆ ತಲೆ ಬಗ್ಗಿಸಿ, ಮೂರನೇ ಪ್ರತಿವಾದಿ ತಮ್ಮ ಹೇಳಿಕೆಯನ್ನು ಲಿಖಿತವಾಗಿ ಕೊಡಲಿ ಎಂದು ಬರೆಸಿದರು.

ಹೊರಗೆ ಬೇವಿನ ಮರದ ಕೆಳಗೆ ಕಲ್ಲುಬೆಂಚಿತ್ತು. ಮಲ್ಲೇಶ ಅಂಗಡಿಯಿಂದ ಬಿಳಿ ಹಾಳೆ, ಪೆನ್ನು ತಂದ. ಅದನ್ನು ಬೆಂಚಿನ ಮೇಲೆ ಇಟ್ಟ. ಎಂಟು ವಾರ ಅವನ ಬಾಯಿಂದ ಬಾರದಿದ್ದ ಮಾತು ಆಗ ಬಂತು.

"ಬರಿಯಪ್ಪ" ಎಂದ.

ನಂಜಣ್ಣ ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು, ಮೇಲೆ ಊರು, ತಾರೀಕು ಹಾಕಿ, ಬರೆಯಲು ಶುರು ಮಾಡಿದ.